ಕೀಲಿಗೆ ಸುಣ್ಣ ಹಿಡಿಯುವುದಿಲ್ಲ

ಪೂರಕ ಪರೀಕ್ಷೆಯ ಕೆಲಸಕ್ಕೆಂದು ಈ ಸಲ ನನ್ನನ್ನು ಕುಣಿಗಲ್‌ಗೆ ಹಾಕಿದ್ದರು. ಗುಬ್ಬಿಯ ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡುವವಳು ನಾನು. ಪರೀಕ್ಷೆ ಎಂದರೆ ಎಲ್ಲಿಗೆ ಹಾಕಿದರೂ ಗೊಣಗಿಕೊಂಡಾದರೂ ಹೋಗಲೇಬೇಕು. ಹಿಂದಿನ ದಿನ ಒಳ್ಳೆಯ ಮಳೆ ಹೊಡೆದಿತ್ತು. ಕೆಲಸ ಮುಗಿಸಿ ಬಸ್ ಸ್ಟ್ಯಾಂಡಿನ ಕಡೆ ಬರುವಾಗ ರಸ್ತೆಬದಿಯಲ್ಲಿ ಒಬ್ಬ ಹೆಂಗಸು ಬಕೆಟ್ಟಿಗೆ ಒದ್ದೆ ಗೋಣಿ ಮುಚ್ಚಿಕೊಂಡು ಕೂತಿದ್ದಳು. ಗೋಣಿಯ ಒಳಗಿಂದ ಕರಕರ ಸದ್ದು ಬರುತ್ತಿತ್ತು. ಕಣ್ಣು ಅತ್ತ ಹೋಗುವ ಮೊದಲೇ ವಾಸನೆ ಮೂಗಿಗೆ ಬಡಿಯಿತು. ಗದ್ದೆಯ ಕೆಸರು, ಕೊಳೆತ ಹುಲ್ಲು, ಅದರ ಜೊತೆಗೆ ಬೆರೆತ ಏಡಿಯ ಮೈವಾಸನೆ.

"ಗದ್ದೆ ಏಡಿ ಕಣವ್ವ, ಈಗ್ ತಾನೆ ಹಿಡ್ದಿದ್ದು. ಸಾರ್ ಮಾಡಿ ಕುಡುದ್ರೆ ಎಂಥಾ ಕೆಮ್ಮಾದ್ರೂ ನಿಂತೋಯ್ತದೆ," ಎಂದಳು.

"ನಾವು ತಿನ್ನಲ್ಲಮ್ಮ," ಎಂದೆ. ಹಾಗೆಂದ ಮೇಲೆ ಅಲ್ಲಿಂದ ಕಾಲ್ತೆಗೆಯಬೇಕಿತ್ತು. ತುಮಕೂರಿನ ಬಸ್ಸು ಹೊರಡಲು ನಿಂತಿತ್ತು ಬೇರೆ. ಆದರೆ ನಾನು ಅಲ್ಲೇ ನಿಂತೆ, ಬಸ್ಸು ಹೋಯಿತು. ಆ ವಾಸನೆ ನನಗೆ ಗದ್ದೆಯದಲ್ಲ. ತುಮಕೂರಿನ ಶಿರಾ ಗೇಟ್ ಹಿಂದಿನ ಓಣಿಯಲ್ಲಿರುವ ನಮ್ಮ ಮನೆಯ ಹಿಂಬದಿ ವರಾಂಡದ್ದು. ಅಜ್ಜಿ ಮಂಚದ ಮೇಲೆ ಮಲಗಿದ್ದ ಮಳೆಗಾಲದ್ದು.

ಆ ವರ್ಷ ನಾನು ತುಮಕೂರಿನಲ್ಲಿ ಎಂಎಸ್ಸಿ ಪ್ರಾಣಿಶಾಸ್ತ್ರದ ಕೊನೆಯ ವರ್ಷದಲ್ಲಿದ್ದೆ. ನಮ್ಮ ಗೈಡ್ ಸರ್ ಕೊಟ್ಟ ಪ್ರಾಜೆಕ್ಟು ಕೇಳುವುದಕ್ಕೆ ಸುಲಭವಾಗಿತ್ತು. ಏಡಿ ಬೆಳೆಯಬೇಕಾದರೆ ಹಳೆಯ ಚಿಪ್ಪನ್ನು ಕಳಚಲೇಬೇಕು, ಹಾವು ಪೊರೆ ಬಿಡುವ ಹಾಗೆ. ಕಳಚಿ ಹೊರಬಂದ ಏಡಿಯ ಮೈ ನೀರಲ್ಲಿ ನೆನೆದ ಹಪ್ಪಳದಂತೆ ಮೆತ್ತಗಿರುತ್ತದೆ. ಆಮೇಲೆ ನೀರಿನಲ್ಲಿರುವ, ತಿಂದ ಆಹಾರದಲ್ಲಿರುವ ಸುಣ್ಣವನ್ನು ಎಳೆದುಕೊಂಡು ಹೊಸ ಚಿಪ್ಪು ಗಟ್ಟಿಯಾಗುತ್ತದೆ. ಆದರೆ ಎಲ್ಲ ಕಡೆಯೂ ಅಲ್ಲ. ಬೆನ್ನಿನ ಮೇಲೆ ಕಲ್ಲಾಗುವ ಹೊರಪೊರೆಯೇ ಕಾಲು ಮಡಚುವ ಕೀಲುಗಳಲ್ಲಿ ಮೆತ್ತಗೆ ಉಳಿಯುತ್ತದೆ. ಒಂದೇ ನೀರು, ಒಂದೇ ರಕ್ತ, ಒಂದೇ ಸುಣ್ಣ. ಒಂದು ಕಡೆ ಹಿಡಿಯುತ್ತದೆ, ಕೂದಲೆಳೆ ದೂರದಲ್ಲಿ ಹಿಡಿಯುವುದಿಲ್ಲ. ಯಾಕೆ ಎನ್ನುವುದೇ ಪ್ರಶ್ನೆ.

"ಉತ್ತರ ಸುಣ್ಣದಲ್ಲಿಲ್ಲಮ್ಮ, ಪೊರೆ ಒಳಗಿರೋ ಪ್ರೋಟೀನಲ್ಲಿದೆ," ಎನ್ನುತ್ತಿದ್ದರು ಸರ್. "ಮನೆ ಕಟ್ಟೋವಾಗ ಕಂಬಿ ಕಟ್ಟಿದ ಕಡೆ ತಾನೆ ಕಾಂಕ್ರೀಟು ನಿಲ್ಲೋದು? ಬೆನ್ನಲ್ಲಿರೋ ಪ್ರೋಟೀನು ಸುಣ್ಣನ ಹಿಡ್ಕೊಳ್ಳತ್ತೆ. ಕೀಲಲ್ಲಿರೋದು ಹತ್ರ ಸೇರಿಸಲ್ಲ. ಎರಡನ್ನೂ ತೆಗೆದು ಪಕ್ಕಪಕ್ಕ ಇಟ್ಟು ನೋಡು."

ಅದಕ್ಕೆ ಏಡಿಗಳನ್ನು ಸಾಕಬೇಕಿತ್ತು. ಅರ್ಧ ಏಡಿಗಳು ಬೋರ್‌ವೆಲ್ ನೀರಿನಲ್ಲಿ, ಇನ್ನರ್ಧ ಫಿಲ್ಟರ್ ನೀರಿನಲ್ಲಿ. ನಮ್ಮ ಬೋರ್ ನೀರಿನ ಗುಣ ಎಲ್ಲರಿಗೂ ಗೊತ್ತು. ಕೊಡದ ತಳದಲ್ಲಿ ಬಿಳಿ ಪದರ ಕಟ್ಟುತ್ತದೆ, ಸ್ಟೀಲ್ ಲೋಟ ನಾಲ್ಕು ದಿನಕ್ಕೆ ಮಂಕಾಗುತ್ತದೆ. ಫಿಲ್ಟರ್ ನೀರಿನಲ್ಲಿ ಸುಣ್ಣ ಇಲ್ಲವೆನ್ನುವಷ್ಟು ಕಡಿಮೆ. ಅಲ್ಲಿ ಪೊರೆ ಬಿಟ್ಟ ಏಡಿ ಗಟ್ಟಿಯಾಗಲು ತಡವಾಗಬೇಕು, ಆ ತಡದಲ್ಲಿ ನನಗೆ ಬೇಕಾದ ಪ್ರೋಟೀನುಗಳು ಸುಣ್ಣ ಮೆತ್ತಿಕೊಳ್ಳುವ ಮೊದಲೇ ಸಿಗಬೇಕು ಎನ್ನುವುದು ಲೆಕ್ಕಾಚಾರ. ಆದರೆ ವಿಭಾಗದಲ್ಲಿ ಪ್ರಾಣಿಗಳನ್ನಿಡುವ ಕೋಣೆ ಆ ಮಳೆಗೆ ಸೋರತೊಡಗಿ, ರಿಪೇರಿಗೆಂದು ಅದಕ್ಕೆ ಬೀಗ ಬಿತ್ತು. ನಾನು ಕುಣಿಗಲ್ ಕೆರೆ ಕೆಳಗಿನ ಗದ್ದೆಗಳಿಂದ ತಂದ ಏಡಿಗಳನ್ನು ಟಬ್ಬುಗಳ ಸಮೇತ ಆಟೋದಲ್ಲಿಟ್ಟುಕೊಂಡು ಮನೆಗೆ ಬಂದೆ.

ನಮ್ಮದು ಮೂರು ಹೊತ್ತು ವಿಭೂತಿ ಹಚ್ಚುವ ಮನೆ. ಅಪ್ಪನದು ಶಿರಾ ಗೇಟಿನಲ್ಲಿ ಸಣ್ಣ ಅಂಗಡಿ. ವಿಭೂತಿ, ರುದ್ರಾಕ್ಷಿ, ಶಿವದಾರ, ಊದುಬತ್ತಿ ಮಾರುತ್ತಾರೆ. ಅಜ್ಜಿ ಎಂದರೆ ಅಪ್ಪನ ತಾಯಿ. ಮೊಟ್ಟೆ ಹಾಕಿದ ಕೇಕು ಮನೆಯೊಳಗೆ ಬಂತೆಂದು ತಿಳಿದು ಒಂದು ಇಡೀ ದಿನ ನೀರೂ ಮುಟ್ಟದೆ ಕೂತವಳು. ಆಟೋದಿಂದ ಟಬ್ಬು ಇಳಿಸುವಾಗ ಅವಳು ಬಾಗಿಲಲ್ಲಿ ಅಡ್ಡ ನಿಂತಳು.

"ಏನೇ ಅದು?"

"ಏಡಿ ಅಜ್ಜಿ. ಓದಿಗೆ ಬೇಕು."

"ಕೊಯ್ತೀಯಾ ಇವನ್ನ?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಕೊನೆಗೆ ಕೆಲವನ್ನ ಕೊಯ್ಬೇಕು," ಎಂದೆ.

ಅಜ್ಜಿ ಟಬ್ಬಿನೊಳಗೆ ಬಗ್ಗಿ ನೋಡಿದಳು. ಏಡಿಗಳು ಹೆಂಚಿನ ಚೂರುಗಳ ಕೆಳಗೆ ಸರಿದವು. "ಜೀವ ತೆಗ್ಯೋದು ಕಾಲೇಜಲ್ಲಿ ಇಟ್ಕೋ. ಈ ಹೊಸಲು ಒಳಗೆ ಒಂದೂ ಸಾಯ್ಬಾರ್ದು. ಹಿತ್ತಲ ಕಡೆ ಇಟ್ಕೊ," ಎಂದು ದಾರಿ ಬಿಟ್ಟಳು. ನಮ್ಮನೆಯ ಅಡುಗೆಮನೆಯಿಂದ ಅವಕ್ಕೆ ಸಿಕ್ಕಿದ್ದು ಅನ್ನ, ನೆನೆಸಿದ ಕಡಲೆ, ಸೊಪ್ಪಿನ ದಂಟು. ಏಡಿಗಳು ಅದನ್ನೇ ತಿಂದುಕೊಂಡಿದ್ದವು. "ನಿನ್ ಏಡಿಗಳೂ ದೀಕ್ಷೆ ತಗೊಂಡ್ವಲ್ಲೇ," ಎಂದು ಅಪ್ಪ ನಗಾಡುತ್ತಿದ್ದರು.

ಆ ನಗು ಹೆಚ್ಚು ದಿನ ಉಳಿಯಲಿಲ್ಲ. ಗುಬ್ಬಿಯಲ್ಲಿರುವ ಅತ್ತೆಯ ಮನೆಗೆ ಅಜ್ಜಿ ಹೋಗಿದ್ದಳು. ಮಾವನಿಗೆ ಬಿದರೆಹಳ್ಳಿ ಕಾವಲ್‌ನ ಹೆಲಿಕಾಪ್ಟರ್ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತ್ತು, ಆ ಖುಷಿಗೆ ಮಗಳು ತಾಯಿಯನ್ನು ಕರೆಸಿಕೊಂಡಿದ್ದಳು. ಅಲ್ಲಿ ಬಚ್ಚಲಲ್ಲಿ ಕಾಲು ಜಾರಿತು. ತುಮಕೂರಿನ ಆಸ್ಪತ್ರೆಗೆ ತಂದಾಗ ಬಲಗಾಲು ಗಿಡ್ಡವಾದಂತೆ ಕಾಣುತ್ತಿತ್ತು, ಪಾದ ಹೊರಗೆ ತಿರುಗಿತ್ತು. ಡಾಕ್ಟರು ಎಕ್ಸ್‌ರೇ ತೋರಿಸಿ ವಿವರಿಸಿದರು. ತೊಡೆಮೂಳೆ ಸೊಂಟಕ್ಕೆ ಸೇರುವ ಕತ್ತಿನಲ್ಲೇ ಮುರಿದಿದೆ, ಈ ವಯಸ್ಸಿಗೆ ತಾನಾಗಿ ಕೂಡುವುದಿಲ್ಲ. ಮೂಳೆಯ ತಲೆ ತೆಗೆದು ಲೋಹದ ಚೆಂಡು ಹಾಕಿದರೆ ಎರಡು ಮೂರು ದಿನಕ್ಕೆ ಎಬ್ಬಿಸಿ ನಡೆಸಬಹುದು. ಹಾಕದಿದ್ದರೆ ಮಲಗಿದವರು ಮಲಗಿಯೇ ಇರುತ್ತಾರೆ, ಆಮೇಲೆ ಎದೆಯಲ್ಲಿ ಕಫ ಕಟ್ಟುತ್ತದೆ, ಇಲ್ಲವೇ ಬೆನ್ನು ಹುಣ್ಣಾಗುತ್ತದೆ. ಅವರು ಅದನ್ನು ಮುಚ್ಚಿಡದೆ ಹೇಳಿದರು.

ಅಜ್ಜಿ ಎಲ್ಲವನ್ನೂ ಕೇಳಿಸಿಕೊಂಡು ಒಂದೇ ಒಂದು ಪ್ರಶ್ನೆ ಕೇಳಿದಳು. "ಆಮ್ಯಾಕೆ ಚಕ್ಕಳಮಕ್ಕಳ ಹಾಕ್ಕೊಂಡು ಕೂರಬೌದಾ ಸ್ವಾಮಿ?"

"ಅದೊಂದು ಆಗಲ್ಲ ಅಜ್ಜಿ. ನೆಲದ ಮೇಲೆ ಕೂರಂಗಿಲ್ಲ, ಕಾಲು ಮಡಚಂಗಿಲ್ಲ. ಚೇರ್ ಮೇಲೆ ರಾಣಿ ತರ ಕೂತ್ಕೊಳ್ಳಿ," ಎಂದರು ಡಾಕ್ಟರು.

"ಹಂಗಾರೆ ಬ್ಯಾಡ. ಮನೆಗೆ ಕರ್ಕೊಂಡೋಗ್ರಪ್ಪ," ಎಂದಳು.

ಪೂಜೆಗೆ ಕೂರಲಾಗದೆಂಬ ಸಂಕಟವಿರಬೇಕು ಎಂದುಕೊಂಡೆವು. ಬೆಳಿಗ್ಗೆ ಎದ್ದು ಮಿಂದು, ಕರಡಿಗೆಯಿಂದ ಲಿಂಗ ತೆಗೆದು ಅಂಗೈಯಲ್ಲಿಟ್ಟುಕೊಂಡು ನೆಲದ ಮೇಲೆ ನೆಟ್ಟಗೆ ಕೂತರೆ ಅವಳು ಮಿಸುಕುತ್ತಿರಲಿಲ್ಲ. ಅಮ್ಮ ಕುರ್ಚಿಯ ಮೇಲೆ ಮೆತ್ತೆ ಹಾಕಿ ತೋರಿಸಿದಳು. ನಮ್ಮ ಮನೆಗೆ ಬರುವ ಅಯ್ಯನವರನ್ನು ಅಪ್ಪ ಕರೆಸಿದರು. ಅವರು ಬಂದು, "ಲಿಂಗಕ್ಕೆ ನೆಲ ಆದ್ರೇನು, ಕುರ್ಚಿ ಆದ್ರೇನಮ್ಮ? ಮನಸ್ಸು ಕೂತ್ರೆ ಆಯ್ತು," ಎಂದರು. ಅಜ್ಜಿ ಮಲಗಿದಲ್ಲೇ ಕೈ ಮುಗಿದಳು, ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಅವಳು ಹಿಡಿದ ಮೊಲಕ್ಕೆ ಮೂರೇ ಕಾಲು ಎಂದು ಅಮ್ಮ ಸೆರಗಲ್ಲಿ ಕಣ್ಣೊರೆಸಿಕೊಂಡಳು. ಬಲವಂತವಾಗಿ ಎತ್ತಿಕೊಂಡು ಹೋಗಿ ಕುಯ್ಯಿಸಲು ಯಾರಿಗೂ ಎದೆಯಿರಲಿಲ್ಲ. ದಿನ ಕಳೆದಷ್ಟೂ ಕಷ್ಟ ಎಂದು ಡಾಕ್ಟರು ಹೇಳಿದ ಮಾತು ಮಾತ್ರ ಮನೆಯೊಳಗೆ ಓಡಾಡಿಕೊಂಡಿತ್ತು.

ಒಳಗಿನ ಕೋಣೆ ಸೆಕೆಯೆಂದು ಅಜ್ಜಿ ಹಿಂಬದಿ ವರಾಂಡಕ್ಕೆ ಮಂಚ ಹಾಕಿಸಿಕೊಂಡಳು. ಮಂಚದ ಪಕ್ಕದಲ್ಲೇ ನನ್ನ ಟಬ್ಬುಗಳು. ಕೈ ಇಳಿಬಿಟ್ಟರೆ ಮೊದಲ ಸಾಲಿನ ನೀರು ಬೆರಳಿಗೆ ತಾಕುತ್ತಿತ್ತು. ತಗಡಿನ ಮೇಲೆ ಮಳೆ ಬೀಳುವ ಮಧ್ಯಾಹ್ನಗಳಲ್ಲಿ ನಾನು ಒಂದು ಕಡೆ ಅವಳ ಬೆನ್ನಿಗೆ ಪೌಡರ್ ಹಾಕಿ ಮಗ್ಗುಲು ಹೊರಳಿಸುವುದು, ಇನ್ನೊಂದು ಕಡೆ ಏಡಿಗಳ ನೀರು ಬದಲಿಸುವುದು, ಇಷ್ಟರಲ್ಲೇ ಆ ಮಳೆಗಾಲ ಸಾಗಿತು. ಅವಳಿಗೆ ನೋವಿತ್ತು. ಕಾಲಿನ ಕೆಳಗೆ ದಿಂಬು ಸ್ವಲ್ಪ ಸರಿದರೂ "ಶಿವ ಶಿವ" ಎನ್ನುತ್ತಿದ್ದಳು. ಆದರೂ ಏಡಿಗಳ ವಿಷಯದಲ್ಲಿ ಅವಳ ಕಣ್ಣು ನನಗಿಂತ ಚುರುಕಾಯಿತು.

ಒಂದು ಬೆಳಿಗ್ಗೆ ಅವಳೇ ಕೂಗಿದಳು. "ಬಾರೇ, ಇದಕ್ಕೇನೋ ಆಗ್ತೈತೆ."

ದೊಡ್ಡ ಹೆಣ್ಣೇಡಿಯೊಂದರ ಬೆನ್ನಿನ ಚಿಪ್ಪು ಹಿಂಬದಿಯಲ್ಲಿ ಬಿರಿದು ಮೇಲೆದ್ದಿತ್ತು. ಒಳಗಿಂದ ಮಸುಕು ಬಣ್ಣದ ಇನ್ನೊಂದು ಏಡಿ ಹಿಂದುಹಿಂದಕ್ಕೆ ಸರಿಯುತ್ತಾ ಹೊರಬರುತ್ತಿತ್ತು. ಒಂದೊಂದೇ ಕಾಲನ್ನು ಹಳೆಯ ಕಾಲಿನ ಚೀಲದಿಂದ ಎಳೆದುಕೊಳ್ಳುವಾಗ ನಡುನಡುವೆ ನಿಂತು ಸುಧಾರಿಸಿಕೊಳ್ಳುತ್ತಿತ್ತು. ಅಜ್ಜಿ ನೋವು ಮರೆತು ತಲೆಯೆತ್ತಿ ನೋಡಿದಳು. ಪೂರ್ತಿ ಹೊರಬಂದ ಮೇಲೆ ಖಾಲಿ ಚಿಪ್ಪು ಒಂದು ಕಡೆ, ಮೆತ್ತನೆಯ ಏಡಿ ಇನ್ನೊಂದು ಕಡೆ ಕೂತಿದ್ದವು.

"ಹೆರಿಗೆ ಆದಂಗೆ ಆಯ್ತು," ಎಂದಳು. ಆಮೇಲೆ, "ಈಗ ಗಟ್ಟಿ ಆಗ್ತದಾ?"

"ಆಗತ್ತೆ. ಕೀಲು ಬಿಟ್ಟು ಮಿಕ್ಕಿದ್ದೆಲ್ಲ."

"ಕೀಲು ಯಾಕಾಗಲ್ಲ?"

ಸರ್ ಹೇಳಿದ ಕಂಬಿಯ ಮಾತನ್ನೇ ಹೇಳಿದೆ. ಅಜ್ಜಿ ತಗಡಿನ ಕಡೆ ನೋಡುತ್ತಾ, ಯಾರಿಗೂ ಹೇಳದಿದ್ದುದನ್ನು ನನಗೆ ಹೇಳಿದಳು.

"ನಿಮ್ ತಾತನ್ನ ಕೂರ್ಸಿದ್ದು ನಾ ನೋಡಿದೀನಿ ಕಣವ್ವ. ಮಂಡಿ ಕಲ್ಲಾಗೋಗಿತ್ತು ಅವ್ರದ್ದು, ವರ್ಷಗಟ್ಲೆ ಕಾಲ್ ಚಾಚ್ಕೊಂಡೇ ಮಲಗಿದ್ರಲ್ಲ. ಕೂರ್ಸಕ್ಕೆ ನಾಕು ಜನ ಹತ್ತಿ ಒತ್ತುದ್ರು. ಗಂಡಸ್ರು ಬೆವತೋದ್ರು. ನಾನು ಬಾಗ್ಲಲ್ಲಿ ನಿಂತಿದ್ದೆ. ಹೆಣಕ್ಕೆ ನೋವಿಲ್ಲ ಅಂತಾರೆ, ನೋಡೋರ್ಗೆ ಇರಲ್ವಾ? ನಿಮ್ಮಪ್ಪ ನನ್ ಕಾಲ ಹಂಗೆ ಒತ್ಬಾರ್ದು. ಅದ್ಕೇ ಕಬ್ಣ ಬ್ಯಾಡ ಅಂದಿದ್ದು."

ನಮ್ಮಲ್ಲಿ ಸತ್ತವರನ್ನು ಮಲಗಿಸಿ ಹೂಳುವುದಿಲ್ಲ. ಪದ್ಮಾಸನದಲ್ಲಿ ಕೂರಿಸಿ, ಎಡ ಅಂಗೈಯಲ್ಲಿ ಲಿಂಗವಿಟ್ಟು, ಕೂತ ಹಾಗೆಯೇ ಸಮಾಧಿ ಮಾಡುತ್ತೇವೆ. ಅಜ್ಜಿ ಆಸ್ಪತ್ರೆಯಲ್ಲಿ ಕೇಳಿದ್ದು ಪೂಜೆಯ ಮಾತಲ್ಲ. ಕಾಲು ಮಡಚದ ಹಾಗೆ ಮಾಡಿಸಿಕೊಂಡರೆ ಕೊನೆಯ ದಿನ ಮಗನೇ ತನ್ನ ಕಾಲನ್ನು ಒತ್ತಿ ಮುರಿಯಬೇಕಾಗುತ್ತದೆ ಎಂದು ಅವಳಿಗೆ ಹೆದರಿಕೆ.

ಅಂಗಡಿಗೆ ಹೋಗಿ ಅಪ್ಪನಿಗೆ ಹೇಳಿದೆ. ಅವರಿಗೆ ಆಶ್ಚರ್ಯವಾಗಲಿಲ್ಲ. ತೂಕದ ತಟ್ಟೆ ಒರೆಸುತ್ತಾ, "ಗೊತ್ತು ಕಣಮ್ಮ. ಅಪ್ಪನ್ನ ಒತ್ತಿದ್ ನಾಕು ಜನದಲ್ಲಿ ನಾನೂ ಒಬ್ಬ," ಎಂದರು. "ಬದುಕಿರೋರ್ ಮುಂದೆ ಮಣ್ಣಿನ ಮಾತು ಆಡಬಾರ್ದು. ಈ ವಿಷಯ ಮತ್ತೆ ಎತ್ತಬೇಡ. ಒಳ್ಳೇದಲ್ಲ."

ಹಾಗೆ ಎಲ್ಲರೂ ಬಾಯಿ ಮುಚ್ಚಿಕೊಂಡೆವು. ಅವಳ ಹೆದರಿಕೆ ಏನೆಂದು ಮಗನಿಗೆ ಗೊತ್ತಿತ್ತು, ನನಗೂ ಗೊತ್ತಾಯಿತು, ಅಮ್ಮನೂ ಊಹಿಸಿದ್ದಳೆಂದು ಆಮೇಲೆ ತಿಳಿಯಿತು. ಆದರೆ ಅಪಶಕುನವೆಂದು ಆ ಮಾತನ್ನು ಯಾರೂ ನಾಲಿಗೆಯ ಮೇಲೆ ತರುವ ಹಾಗಿಲ್ಲ. ಎಲ್ಲರೂ ಪೂಜೆ, ಕುರ್ಚಿ, ಮೆತ್ತೆ ಎಂದೇ ಮಾತಾಡಿಕೊಂಡು ವಾರಗಳನ್ನು ಕಳೆದೆವು.

ಅಷ್ಟರಲ್ಲಿ ನನ್ನ ಪ್ರಾಜೆಕ್ಟೂ ಹಳ್ಳ ಹಿಡಿಯುವ ಹಾಗೆ ಕಂಡಿತು. ಫಿಲ್ಟರ್ ನೀರಿನ ಟಬ್ಬುಗಳಲ್ಲಿ ಪೊರೆ ಬಿಟ್ಟ ಏಡಿಗಳು ಮೆತ್ತಗೆ ಉಳಿಯಬೇಕಿತ್ತು. ಅವು ಬೋರ್ ನೀರಿನವುಗಳಂತೆಯೇ ಬೆನ್ನು ಗಟ್ಟಿ ಮಾಡಿಕೊಂಡು ಓಡಾಡುತ್ತಿದ್ದವು. ಕಳಚಿದ ಚಿಪ್ಪನ್ನೂ ಅವು ತಿನ್ನದಂತೆ ತೆಗೆದುಬಿಡುತ್ತಿದ್ದೆ. ಸುಣ್ಣ ಎಲ್ಲಿಂದ ಬರಬೇಕು? ಸರ್ ನಂಬಲಿಲ್ಲ, ನೀರು ಅದಲುಬದಲು ಮಾಡಿದ್ದೀಯಾ ಎಂದು ಗದರಿದರು. ಟಬ್ಬು ತೊಳೆಯಲೆಂದು ಹೆಂಚಿನ ಚೂರು ಎತ್ತಿದರೆ ತಳದಲ್ಲಿ ಬೆಳ್ಳಗೆ ಏನೋ ಕೂತಿತ್ತು. ಬೆರಳಲ್ಲಿ ಉಜ್ಜಿದೆ. ಪರಿಚಿತ ವಾಸನೆ.

"ಅಜ್ಜಿ, ಇದ್ರೊಳಗೆ ವಿಭೂತಿ ಹಾಕಿದೀರಾ?"

"ಹ್ಞೂಂ. ದಿನಾ ಮಲಗಿದ್ದಂಗೇ ಪೂಜೆ ಆದ್ಮೇಲೆ ಒಂದೊಂದ್ ಚೂರು. ಈ ಕಡೆ ಸಾಲಿನವು ಪಾಪ ಮೆತ್ಗೆ ಬಿದ್ದಿರ್ತಿದ್ವು. ನನ್ನಂಗೆ ಅವೂ ಯಾಕ್ ಬಿದ್ದಿರ್ಬೇಕು ಅಂತ ಶಿವನ್ ಹೆಸರೇಳಿ ಹಾಕ್ದೆ. ಎದ್ದು ಓಡಾಡ್ತವೆ ನೋಡು ಈಗ."

ಸಂಜೆ ಅಪ್ಪ ಬಂದಾಗ ವಿಚಾರಿಸಿದೆ. ಅವರು ಅಜ್ಜಿಗೆ ಕೇಳಿಸದ ಹಾಗೆ ದನಿ ತಗ್ಗಿಸಿದರು. "ಈಗಿನ ವಿಭೂತಿ ಗಟ್ಟೀಲಿ ಬರೀ ಸಗಣಿ ಬೂದಿ ಎಲ್ಲಿರತ್ತೆ? ಅಚ್ಚು ನಿಲ್ಲಲಿ ಅಂತ ಸೀಮೆಸುಣ್ಣದ ಪುಡೀನೇ ಜಾಸ್ತಿ ಹಾಕಿರ್ತಾರೆ." ಅಜ್ಜಿಯ ಕಿವಿ ಚುರುಕು. ಮಂಚದಿಂದಲೇ, "ಹಂಗಾರೆ ಇಷ್ಟ್ ವರ್ಷ ನನ್ ಹಣೆಗೆ ಗೋಡೆ ಸುಣ್ಣ ಬಳದ್ಯೇನ್ಲಾ?" ಎಂದು ಮಗನನ್ನು ಕೇಳಿದಳು. ಅವಳು ಬಿದ್ದ ಮೇಲೆ ಆ ಮನೆಯಲ್ಲಿ ಎಲ್ಲರೂ ಒಟ್ಟಿಗೆ ನಕ್ಕಿದ್ದು ಅದೊಂದೇ ಸಲ. ನಕ್ಕ ಮೇಲೆ ಅವಳಿಗೆ ಕೆಮ್ಮು ಬಂತು. ನಾವು ಅದನ್ನು ಗಮನಿಸಬೇಕಿತ್ತು.

ಸರ್‌ಗೆ ಹೇಳಿದರೆ ಬೈಯುತ್ತಾರೆಂದುಕೊಂಡಿದ್ದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಸರಿ, ಆ ಸಾಲು ಹಾಳಾಯ್ತು. ಹೊಸದಾಗಿ ಮಾಡು. ಆದ್ರೆ ಒಂದು ನೋಡು, ನಿಮ್ಮಜ್ಜಿ ಅಷ್ಟು ಸುಣ್ಣ ಸುರಿದ್ರಲ್ಲ, ಕೀಲು ಏನಾದ್ರೂ ಗಟ್ಟಿ ಆಯ್ತಾ? ಆ ಏಡಿಗಳ ಕಾಲು ತಗೊಂಡು ಬಂದು ನೋಡು."

ಎರಡು ಏಡಿಗಳನ್ನು ವಿಭಾಗಕ್ಕೆ ಒಯ್ದು ಐಸಿನಲ್ಲಿಟ್ಟು ಮರಗಟ್ಟಿಸಿ ಕೊಂದೆ. ಅಜ್ಜಿಗೆ ಹೇಳಿಯೇ ಒಯ್ದಿದ್ದೆ. ಅವಳು ಆ ಕಡೆ ಮುಖ ತಿರುಗಿಸಿಕೊಂಡಿದ್ದಳು. ಸತ್ತ ಏಡಿಯ ಒಂದು ಕಾಲನ್ನು ಇಕ್ಕಳದಲ್ಲಿ ಹಿಡಿದು ಮೈಕ್ರೋಸ್ಕೋಪಿನ ಕೆಳಗೆ ಸರಿಪಡಿಸುತ್ತಿದ್ದೆ. ಚಿಪ್ಪು ಕಲ್ಲಿನಂತಿತ್ತು, ಕತ್ತರಿ ಜಾರುತ್ತಿತ್ತು. ಕೀಲಿನ ಹತ್ತಿರ ಬೆರಳು ತಾಕಿತು, ಕಾಲು ಸುಮ್ಮನೆ ಮಡಚಿಕೊಂಡಿತು. ಬಿಡಿಸಿದೆ, ಮತ್ತೆ ಮಡಚಿದೆ. ಪ್ರಾಣ ಹೋಗಿ ಗಂಟೆಗಳಾಗಿದ್ದವು; ಕೀಲು ಬದುಕಿದ್ದಾಗ ಹೇಗೋ ಹಾಗೆಯೇ ಬಾಗುತ್ತಿತ್ತು. ಬಾಗುವುದು ಕೀಲಿನ ಗುಣ, ಅದಕ್ಕೆ ಜೀವ ಬೇಕಾಗಿಲ್ಲ.

ಕೈಯಲ್ಲಿದ್ದ ಇಕ್ಕಳ ಹಾಗೇ ಉಳಿಯಿತು. ತಾತನ ಮಂಡಿ ಕಾಯಿಲೆಯಿಂದ ಕಲ್ಲಾಗಿತ್ತು. ಡಾಕ್ಟರು ಹಾಕುತ್ತೇನೆಂದದ್ದು ಕಲ್ಲಲ್ಲ, ಚೆಂಡು. ಚೆಂಡೂ ಒಂದು ಕೀಲೇ ಅಲ್ಲವೇ? ಮಡಚಬಾರದು ಎಂದರೇ ಹೊರತು ಮಡಚುವುದಿಲ್ಲ ಎಂದಿದ್ದರೇ? ನಾವು ಯಾರೂ ಕೇಳಿರಲಿಲ್ಲ. ಅಯ್ಯನವರನ್ನು ಕೇಳಿದೆವು, ನೆಂಟರನ್ನು ಕೇಳಿದೆವು, ಅಕ್ಕಪಕ್ಕದವರ ಬಾಯಲ್ಲಿ ನಾಟಿ ಔಷಧಿಯ ಪಟ್ಟಿಯನ್ನೇ ಕೇಳಿಸಿಕೊಂಡೆವು. ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದ ಹಾಗೆ, ಕೇಳಬೇಕಾದವರನ್ನು ಮಾತ್ರ ಕೇಳಲಿಲ್ಲ.

ಅಲ್ಲಿಂದಲೇ ಆಸ್ಪತ್ರೆಗೆ ಹೋದೆ. ಡಾಕ್ಟರ ಮುಂದೆ ಕೂತೆ. ಬದುಕಿರುವ ಅಜ್ಜಿಯ ಹೆಣದ ಬಗ್ಗೆ ಕೇಳುವ ಮೊಮ್ಮಗಳನ್ನು ಅವರು ಏನೆಂದುಕೊಂಡಾರು ಎಂದು ನಾಚಿಕೆ. ಹೇಗೋ ಕೇಳಿದೆ.

ಅವರು ನಗಲಿಲ್ಲ. "ಹೊಸ ಚೆಂಡು ಕೂರಿಸಿರ್ತೀವಿ. ಚಕ್ಕಳಮಕ್ಕಳ ಹಾಕಿದ್ರೆ ಅದು ಗುಂಡಿಯಿಂದ ಜಾರಬಹುದು, ಅದಕ್ಕೆ ಬೇಡ ಅಂತೀವಿ. ಬಾಗಲ್ಲ ಅಂತ ಯಾರಂದ್ರು?"

"ಹಾಗಾದ್ರೆ... ಅವರು ಹೋದ್ಮೇಲೆ?"

"ಹೋದ್ಮೇಲೆ ಜಾರಿದ್ರೆ ಯಾರಿಗೆ ನೋವಮ್ಮ? ಮೈ ಸೆಟೆಯೋಕೆ ಮೊದಲು ಆರಾಮಾಗಿ ಕೂರಿಸಬಹುದು. ಯಾರೂ ಒತ್ತಬೇಕಾಗಿಲ್ಲ." ಆಮೇಲೆ ಹೇಳಿದರು: "ಅವತ್ತೇ ಕೇಳಿದ್ರೆ ಅವತ್ತೇ ಹೇಳ್ತಿದ್ನಲ್ಲ."

ಮನೆಗೆ ಬಂದು, ಅಪ್ಪ ಬೇಡವೆಂದ ಮಾತನ್ನು ಅಜ್ಜಿಯ ಕಿವಿಯ ಹತ್ತಿರ ಕೂತು ಪೂರ್ತಿ ಆಡಿದೆ. ಕಬ್ಬಿಣ ಹಾಕಿದರೂ ಕೂರಿಸಬಹುದು, ಯಾರೂ ಒತ್ತಬೇಕಾಗಿಲ್ಲ, ಡಾಕ್ಟರೇ ಹೇಳಿದರು ಎಂದೆ. ಅವಳು ನನ್ನ ಮುಖವನ್ನೇ ನೋಡಿದಳು.

"ಆಣೆ ಮಾಡು."

ಅವಳ ಕರಡಿಗೆ ಮುಟ್ಟಿ ಆಣೆ ಮಾಡಿದೆ.

"ಹಂಗಾರೆ ಮಾಡ್ಸಿ," ಎಂದಳು. "ನಂಗೇನ್ ಸಾಯೋ ಆಸೆ ಇತ್ತಾ? ಎದ್ದ ಮ್ಯಾಕೆ ಕೋರಕ್ಕೆ ಕರ್ಕೊಂಡೋಗು. ಅವರೆಕಾಯಿ ಬರೋ ಹೊತ್ಗೆ ಹೊಲದ್ ಬದೂ ಮೇಲೆ ಒಂದ್ಸಲ ನಡ್ದಾಡ್ಬೇಕು." ಕೋರ ಅವಳ ಊರು; ತಾತನ ಸಮಾಧಿಯೂ ಅಲ್ಲಿಯ ಹೊಲದಲ್ಲೇ ಇದೆ. ಅಮ್ಮನನ್ನು ಕರೆದು ತಲೆ ಬಾಚಿಸಿಕೊಂಡಳು. ಅಪ್ಪ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದರು. ನನಗೆ ಬೈಯಲಿಲ್ಲ. ಆಂಬುಲೆನ್ಸಿಗೆ ಫೋನು ಮಾಡಲು ಹೋದರು.

ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುವ ಡಾಕ್ಟರು ಅಜ್ಜಿಯ ಬೆನ್ನಿಗೆ ಸ್ಟೆತಾಸ್ಕೋಪ್ ಇಟ್ಟು ಬಹಳ ಹೊತ್ತು ಆಲಿಸಿದರು. ಮಲಗಿ ಮಲಗಿ ಎದೆಯಲ್ಲಿ ಕಫ ಕಟ್ಟಿದೆ, ಈಗ ಮತ್ತು ಕೊಟ್ಟರೆ ಏಳುವುದಿಲ್ಲ, ಮೊದಲು ಇದು ಇಳಿಯಲಿ ಎಂದರು. ಅವಳ ಕೈಗೆ ಪ್ಲಾಸ್ಟಿಕ್ಕಿನ ಒಂದು ಡಬ್ಬಿ ಕೊಟ್ಟರು. ನಳಿಕೆಯಲ್ಲಿ ಉಸಿರೆಳೆದರೆ ಒಳಗಿನ ಮೂರು ಚೆಂಡುಗಳು ಒಂದೊಂದಾಗಿ ಮೇಲೇಳಬೇಕು. ಅಜ್ಜಿ ಅದನ್ನು ಜಪದಂತೆ ಹಿಡಿದಳು. ಬೆಳಿಗ್ಗೆ ಪೂಜೆ ಮುಗಿದ ಕೂಡಲೇ, "ಆ ಡಬ್ಬಿ ಕೊಡೇ," ಎನ್ನುವಳು. ಒಂದು ಚೆಂಡು ಏಳುತ್ತಿತ್ತು. ಒಂದು ದಿನ ಎರಡನೆಯದೂ ಎದ್ದಿತು. ಅಂದು ಅಪ್ಪ ವಾರ್ಡಿನಲ್ಲೆಲ್ಲ ಬಾಳೆಹಣ್ಣು ಹಂಚಿದರು. ಮೂರನೆಯದು ಅಲುಗಾಡಿ ಅಲುಗಾಡಿ ಕೆಳಗೇ ಕೂತಿತು. ಬದುಕಬೇಕೆಂದು ಅವಳು ಅಷ್ಟು ಕಷ್ಟಪಡುವುದನ್ನು ನೋಡಲು ನನ್ನಿಂದಾಗುತ್ತಿರಲಿಲ್ಲ. ನನಗೆ ಅಪ್ಪನ ಮೇಲೆ ಸಿಟ್ಟಿತ್ತು, ಅಮ್ಮನ ಮೇಲೆ ಸಿಟ್ಟಿತ್ತು, ಶಕುನ ಅಪಶಕುನಗಳೆಂದು ಬಾಯಿಗೆ ಬೀಗ ಹಾಕಿಕೊಳ್ಳುವ ನಮ್ಮ ಇಡೀ ಕುಲದ ಮೇಲೆ ಸಿಟ್ಟಿತ್ತು. ಆ ಸಿಟ್ಟು ಇನ್ನೂ ಪೂರ್ತಿ ಆರಿಲ್ಲ.

ಜ್ವರ ಬಂತು, ಇಳಿಯಿತು, ಮತ್ತೆ ಬಂತು. ಸಾಕು, ಮನೆಗೆ ನಡೀರಿ ಎಂದು ಅವಳೇ ಅಂದಳು. ವರಾಂಡದ ಮಂಚಕ್ಕೆ ವಾಪಸಾದಳು. ಅಷ್ಟರಲ್ಲಿ ಮಳೆ ಹಿಂದೆ ಸರಿದು, ಬೆಳಗಿನ ಹೊತ್ತು ತೆಳು ಬಿಸಿಲು ಬೀಳತೊಡಗಿತ್ತು. ಹೊಸ ಸಾಲಿನ ಏಡಿಗಳು ಟಬ್ಬಿನಲ್ಲಿದ್ದವು. ಅವುಗಳ ಕಡೆ ಅವಳು ತಿರುಗಿ ನೋಡುವಷ್ಟು ಉಸಿರು ಉಳಿದಿರಲಿಲ್ಲ. ಒಂದು ಬೆಳಿಗ್ಗೆ ಅಮ್ಮ ಅವಳ ಹಣೆಗೆ ವಿಭೂತಿ ಹಚ್ಚುತ್ತಿರುವಾಗಲೇ ಉಸಿರು ನಿಂತಿತು. ಯಾರೂ ಕೂಗಿ ಅಳಲಿಲ್ಲ. ಅಮ್ಮ ಬೆರಳನ್ನು ಹಣೆಯಿಂದ ತೆಗೆಯದೆ ಹಾಗೇ ಕೂತಿದ್ದಳು.

ಅಯ್ಯನವರು ಬಂದರು. ಹೆಂಗಸರು ಬಿಸಿನೀರು ಕಾಯಿಸಿ ಮೈ ತೊಳೆದರು. ಅವಳ ಕಾಲು ನನ್ನ ಕೈಯಲ್ಲಿತ್ತು. ಎಷ್ಟು ಹಗುರ ಎಂದು ನನಗೆ ಆಶ್ಚರ್ಯವಾಯಿತು. ನಡುಮನೆಯಲ್ಲಿ ಹಲಗೆ ಹಾಕಿ ಗೋಡೆಗೆ ಒರಗಿಸಿ ಕೂರಿಸಬೇಕಿತ್ತು. ನೆಂಟರಲ್ಲಿ ಮೂವರು ಗಂಡಸರು ಪಂಚೆ ಎತ್ತಿಕಟ್ಟಿ ಮುಂದೆ ಬಂದರು, ಅವರಿಗೂ ತಾತನ ದಿನ ನೆನಪಿದ್ದಿರಬೇಕು. ಅಪ್ಪ ಅವರನ್ನು ತಡೆದರು. "ಯಾರೂ ಬೇಡ. ನಾನೊಬ್ನೇ ಕೂರ್ಸ್ತೀನಿ," ಎಂದು ಮಂಡಿಯೂರಿ ಕೂತರು. ಎಡಗಾಲು ಮಡಚಿದರು. ಆಮೇಲೆ ಮುರಿದಿದ್ದ ಬಲಗಾಲಿನ ಮಂಡಿಯ ಕೆಳಗೆ ಕೈ ಹಾಕಿ, ಮಗುವಿನ ಕಾಲು ಎತ್ತುವ ಹಾಗೆ ಎತ್ತಿ ಎಡತೊಡೆಯ ಮೇಲಿಟ್ಟರು. ಕಾಲು ಹೇಳಿದಲ್ಲಿ ಕೂತಿತು. ಅಯ್ಯನವರು ಎಡ ಅಂಗೈಯಲ್ಲಿ ಲಿಂಗವಿಟ್ಟರು. ಅಜ್ಜಿ ಬೆಳಗಿನ ಪೂಜೆಯಲ್ಲಿ ಕೂರುತ್ತಿದ್ದ ಹಾಗೆಯೇ ನೆಟ್ಟಗೆ ಕೂತಳು.

"ಸಲೀಸಾಗಿ ಕೂತ್ಲು ನೋಡು ಪುಣ್ಯಾತ್ಗಿತ್ತಿ," ಎಂದು ಹೆಂಗಸರು ಸಮಾಧಾನದ ಉಸಿರು ಬಿಟ್ಟರು. ಅಪ್ಪ ಅವಳ ಮಂಡಿಯ ಮೇಲೆ ತಲೆಯಿಟ್ಟು ಅತ್ತರು. "ಅವ್ವ ಅಂದ್ಕೊಂಡಂಗೇ ಕೂತ್ಲಲ್ಲಮ್ಮ," ಎಂದು ನನ್ನ ಕಡೆ ತಿರುಗಿ ಹೇಳಿದರು. ನಾನು ಹ್ಞೂಂ ಎಂದೆ. ಮಧ್ಯಾಹ್ನ ಕೋರಕ್ಕೆ ಹೊರಡುವ ತನಕ ಅವಳ ಎದುರಿಗೆ ಕೂತಿದ್ದೆ. ಬಂದವರೆಲ್ಲ ಅದೇ ಮಾತು ಹೇಳಿ ಹೋಗುತ್ತಿದ್ದರು. ಆಪರೇಷನ್ ಆಗಿದ್ದರೂ ಅವಳು ಹೀಗೆಯೇ ಕೂರುತ್ತಿದ್ದಳು, ಇನ್ನೂ ಕೆಲವು ವರ್ಷ ಬಿಟ್ಟು.